ಆರೈಕೆ ಕೇಂದ್ರದಲ್ಲಿ ಮಗುವಿಗೆ ಗಾಯವಾದರೆ

ಆರೈಕೆ ಕೇಂದ್ರದಿಂದ ಬಂದ ನಿಮ್ಮ ವಿಕಲಚೇತನ ಮಗುವಿನ ತೋಳಿನಲ್ಲಿ ಬಾವು ಕಂಡರೆ ಮೊದಲು ವೈದ್ಯರಿಗೆ ತೋರಿಸಿ. ಬಳಿಕ ಕೇಂದ್ರದ ದಾಖಲೆ ಪುಸ್ತಕ ಕೇಳಿ. ಮಾತು ಬಾರದ ಮಗುವಿನ ಪರವಾಗಿ ಮಾತಾಡುವುದು ಅದೇ. ಬಿದ್ದದ್ದಿರಲಿ, ಔಷಧ ತಪ್ಪಿದ್ದಿರಲಿ, ಯಾರೋ ಹೊಡೆದದ್ದಿರಲಿ, ಸಮಯ, ಸ್ಥಳ, ಕಂಡವರ ಹೆಸರು, ನೀಡಿದ ಚಿಕಿತ್ಸೆ ಇವನ್ನು ಸಿಬ್ಬಂದಿ ಅಂದೇ ಬರೆದಿಡಬೇಕು. ಕಂಡದ್ದನ್ನು ಬರೆಯಬೇಕು, ಊಹಿಸಿದ್ದನ್ನಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿದ್ದಿದ್ದರೆ ದೋಷ ಮಗುವಿನದಲ್ಲ, ಒದ್ದೆ ನೆಲದ್ದಿರಬಹುದು. ಅದನ್ನು ಸರಿಪಡಿಸಲು ಹೇಳಿ. ದೌರ್ಜನ್ಯ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಸುಮ್ಮನಿರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ತಲುಪಿಸಬಹುದು. ಕರ್ನಾಟಕದ ತಾಲ್ಲೂಕುಗಳಲ್ಲಿ ತಹಶೀಲ್ದಾರರೇ ಆ ಅಧಿಕಾರಿ.