ಟಯರಿನ ಗಾಳಿ: ಬಾಯಿಮಾತು ಬೇರೆ, ಲೆಕ್ಕ ಬೇರೆ

ಫರಂಗಿಪೇಟೆಯಿಂದ ಪಶ್ಚಿಮಕ್ಕೆ ಹೋದರೆ ಮಂಗಳೂರು. ಪೂರ್ವಕ್ಕೆ ಬಿ.ಸಿ.ರೋಡ್ ದಾಟಿದರೆ ಒಂದು ದಾರಿ ಬೆಳ್ತಂಗಡಿಯ ಮೇಲಾಗಿ ಚಾರ್ಮಾಡಿಗೆ, ಇನ್ನೊಂದು ಶಿರಾಡಿಗೆ. ಏಪ್ರಿಲ್‌ನಲ್ಲಿ ಕಾದ ಡಾಮರು, ಜೂನ್ ಬಂತೆಂದರೆ ನೀರು ನಿಂತ ಡಾಮರು. ಇಂಥ ಊರಿನಲ್ಲಿ ಟಯರಿಗೆ ಎಷ್ಟು ಗಾಳಿ ಇರಬೇಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಅವುಗಳಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು: ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಮರಳಲ್ಲಿ ಈ ಉಪಾಯ ನಡೆಯುತ್ತದೆ, ನಿಜ. ಆದರೆ ನೀರು ನಿಂತ ಹೆದ್ದಾರಿಯಲ್ಲಿ ಟಯರು ನೀರನ್ನು ಒತ್ತಿ ಬದಿಗೆ ತಳ್ಳಬೇಕು. ಗಾಳಿ ಕಡಿಮೆಯಾದರೆ ಆ ಒತ್ತುವ ಶಕ್ತಿ ಕುಗ್ಗುತ್ತದೆ, ನಡುಭಾಗ ಒಳಕ್ಕೆ ಬಾಗುತ್ತದೆ, ಅಡಿಗೆ ನೀರು ನುಗ್ಗಿ ಗಾಡಿ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಗಾಡಿ ಕೇಳುವುದಿಲ್ಲ. ಒದ್ದೆ ರನ್‌ವೇಯಲ್ಲಿ ವಿಮಾನದ ಚಕ್ರಗಳು ತೇಲುವುದನ್ನು 1960ರ ದಶಕದಲ್ಲಿ ಅಧ್ಯಯನ ಮಾಡಿದ ನಾಸಾ ತಜ್ಞರು ಒಂದು ಸೂತ್ರ ಕೊಟ್ಟಿದ್ದಾರೆ. ಅದರ ಪ್ರಕಾರ 32 ಪಿಎಸ್‌ಐ ಇರುವ ಟಯರು ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ತೇಲಿದರೆ, 24 ಇರುವುದು ಸುಮಾರು 82ರಲ್ಲೇ ತೇಲುತ್ತದೆ. ಕಾರಿನ ಟಯರಿಗೆ ಇದು ಅಂದಾಜು ಮಾತ್ರ. ಟಯರಿನ ಗುಂಡಿ (ಟ್ರೆಡ್) ಸವೆದಿದ್ದರೆ ಇನ್ನೂ ಬೇಗ.

ಬೇಸಿಗೆಯಲ್ಲಿ ಟಯರು ಒಡೆಯಬಾರದೆಂದು ಗಾಳಿ ಇಳಿಸುವುದೂ ಅಷ್ಟೇ ಉಲ್ಟಾ. ಗಾಳಿ ಕಡಿಮೆಯಿರುವ ಟಯರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೇ ಬಿಸಿ ಹುಟ್ಟುತ್ತದೆ. ಒಡೆಯುವುದಕ್ಕೆ ದೊಡ್ಡ ಕಾರಣವೇ ಈ ಬಿಸಿ. ಓಡುವಾಗ ಒತ್ತಡ ಮೂರ್ನಾಲ್ಕು ಪಿಎಸ್‌ಐ ಏರುವುದು ಸಹಜ; ತಯಾರಕರು ಅದನ್ನು ಲೆಕ್ಕಕ್ಕೆ ಹಿಡಿದೇ ಅಂಕಿ ಕೊಟ್ಟಿರುತ್ತಾರೆ. ಮಂಗಳೂರಿನಿಂದ ಓಡಿಸಿಕೊಂಡು ಬಂದು ಬಂಕಿನಲ್ಲಿ 36 ಕಂಡಿತೆಂದು ಗಾಳಿ ಬಿಡಿಸಿದರೆ, ಮರುದಿನ ಬೆಳಗ್ಗೆ ತಣ್ಣಗಾದ ಟಯರಿನಲ್ಲಿ ಬೇಕಾದಷ್ಟು ಇರುವುದಿಲ್ಲ. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಒಂದೆರಡು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಅಳೆಯುವ ಹೊತ್ತು ಅದು.

ಹಾಗಾದರೆ ಸರಿಯಾದ ಅಂಕಿ ಎಲ್ಲಿದೆ? ಟಯರಿನ ಪಕ್ಕದಲ್ಲಿ ಅಚ್ಚಾಗಿರುವುದು ಅಲ್ಲ, ಅದು ಆ ಟಯರು ತಡೆಯುವ ಗರಿಷ್ಠ ಒತ್ತಡ. ಎಲ್ಲ ಕಾರಿಗೂ 35 ಎಂಬುದೂ ಅಲ್ಲ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಒಂದು ಚೀಟಿ ಅಂಟಿಸಿರುತ್ತಾರೆ. ಇಬ್ಬರಿದ್ದಾಗ ಇಷ್ಟು, ಪೂರ್ತಿ ಭಾರವಿದ್ದಾಗ ಇಷ್ಟು ಎಂದು ಹಲವು ಕಾರುಗಳಲ್ಲಿ ಎರಡು ಅಂಕಿ ಇರುತ್ತವೆ. ಐವರು ಸಾಮಾನು ಸಮೇತ ಧರ್ಮಸ್ಥಳಕ್ಕೋ ಚಾರ್ಮಾಡಿ ಹತ್ತಿ ಮೂಡಿಗೆರೆಗೋ ಹೊರಟರೆ ಎರಡನೆಯದು ಬೇಕು. ಹೆಚ್ಚಾಗಿ ಹಿಂದಿನ ಚಕ್ರಗಳಿಗೇ ಹೆಚ್ಚು ಗಾಳಿ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವ ಬೈಕಿಗೂ ಇದೇ ಮಾತು.

ನೈಟ್ರೋಜನ್ ಹಾಕಿಸಿದರೆ ಮತ್ತೆ ನೋಡುವುದೇ ಬೇಡ ಎಂಬ ನಂಬಿಕೆಯೂ ಇದೆ. ಸಾದಾ ಗಾಳಿಯಲ್ಲೇ ಶೇ. 78 ನೈಟ್ರೋಜನ್. ಶುದ್ಧ ನೈಟ್ರೋಜನ್ ತುಸು ನಿಧಾನವಾಗಿ ಸೋರುತ್ತದೆ, ಆದರೆ ಸೋರುತ್ತದೆ. ಕಣ್ಣಳತೆಯಂತೂ ಬೇಡ: ರೇಡಿಯಲ್ ಟಯರು ಗಾಳಿ ಸರಿಯಿದ್ದಾಗಲೂ ಬುಡದಲ್ಲಿ ಉಬ್ಬಿಕೊಂಡೇ ಇರುತ್ತದೆ. ತಿಂಗಳಿಗೊಮ್ಮೆ ಗೇಜ್ ಹಿಡಿದು ನೋಡಿ, ಸ್ಟೆಪ್ನಿಯನ್ನೂ.