ಮಾಯಾಬಜಾರ್: ವ್ಯಾಸರು ಬಿಟ್ಟ ತೆರಪಿನಲ್ಲಿ ಬೆಳೆದ ಕಥೆ

ಪುರಾಣದ ವಸ್ತುವನ್ನು ಆಧರಿಸಿದ ಅದ್ಭುತರಮ್ಯ ಚಲನಚಿತ್ರಗಳ ಮಾತು ಬಂದಾಗಲೆಲ್ಲ ಒಂದು ಆಕ್ಷೇಪಣೆ ಕೇಳಿಬರುವುದುಂಟು: ‘ಇದು ಮೂಲದಲ್ಲಿ ಎಲ್ಲಿದೆ?’ ಭಾರತವನ್ನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳೂ ಹೀಗೆ ಕೇಳುತ್ತಿದ್ದರು. ಈ ಪ್ರಶ್ನೆಯನ್ನು ತೂಗಿ ನೋಡಲು ೧೯೫೭ರಲ್ಲಿ ಮದರಾಸಿನ ವಿಜಯಾ ಸಂಸ್ಥೆ ತೆಲುಗು, ತಮಿಳುಗಳೆರಡರಲ್ಲೂ ತೆರೆಗೆ ತಂದ ‘ಮಾಯಾಬಜಾರ್’ ಚಿತ್ರಕ್ಕಿಂತ ಉಚಿತವಾದ ನಿದರ್ಶನ ನನಗೆ ತೋರದು. ಅದರ ನಿರ್ದೇಶಕರು ಕೆ. ವಿ. ರೆಡ್ಡಿ, ಛಾಯಾಗ್ರಾಹಕರು ಮಾರ್ಕಸ್ ಬಾರ್ಟ್ಲಿ.

ಕಥೆ ಸುಪರಿಚಿತ. ಬಲರಾಮನ ಮಗಳು ಶಶಿರೇಖೆಗೂ ಸುಭದ್ರೆಯ ಮಗ ಅಭಿಮನ್ಯುವಿಗೂ ಎಳವೆಯಲ್ಲೇ ಮದುವೆಯ ಮಾತಾಗಿದೆ. ಪಾಂಡವರು ಜೂಜಿನಲ್ಲಿ ರಾಜ್ಯ ಕಳೆದುಕೊಂಡೊಡನೆ ನಂಟರ ಮನಸ್ಸು ತಿರುಗುತ್ತದೆ. ಹುಡುಗಿಯನ್ನು ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡುವುದೆಂದು ನಿಶ್ಚಯವಾಗುತ್ತದೆ. ಆಗ ಕೃಷ್ಣನ ಸೂತ್ರದಂತೆ ಘಟೋತ್ಕಚನು ಶಶಿರೇಖೆಯನ್ನು ಮಂಚಸಮೇತ ಹೊತ್ತೊಯ್ದು, ತಾನೇ ಅವಳ ರೂಪವನ್ನು ತಾಳುತ್ತಾನೆ. ಗಂಡಿನ ಕಡೆಯವರ ಬಿಡಾರಕ್ಕೆಂದು ಮಾಯೆಯ ಪೇಟೆಯೊಂದನ್ನೇ ಕಟ್ಟಿಸುತ್ತಾನೆ.

ವ್ಯಾಸಭಾರತದಲ್ಲಿ ಈ ಪ್ರಸಂಗವಿಲ್ಲ. ಅಲ್ಲಿ ಅಭಿಮನ್ಯುವಿನ ಮಡದಿ ವಿರಾಟನ ಮಗಳು ಉತ್ತರೆ. ಹಾಗಾದರೆ ಇದು ಸಿನಿಮಾದವರ ಸೃಷ್ಟಿಯೆ? ಅಲ್ಲ. ನಮ್ಮ ಯಕ್ಷಗಾನದಲ್ಲಿ ಇದೇ ಕಥೆ ‘ಕನಕಾಂಗಿ ಕಲ್ಯಾಣ’. ಬಲರಾಮನ ಮಗಳು ಅಲ್ಲಿ ಕನಕಾಂಗಿ. ಮರಾಠಿಗರಿಗೆ ಅವಳು ವತ್ಸಲೆ, ಸುರೇಖೆ. ಆಂಧ್ರದ ಸುರಭಿ ನಾಟಕ ಮಂಡಳಿಗಳು ‘ಮಾಯಾಬಜಾರ್’ಅನ್ನು ರಂಗದ ಮೇಲೆ ಮೆರೆಸಿವೆ. ೧೯೨೧ರಲ್ಲೇ ಬಾಬುರಾವ್ ಪೇಂಟರ್ ಅವರು ‘ಸುರೇಖಾ ಹರಣ’ವೆಂಬ ಮೂಕಚಿತ್ರವನ್ನು ತೆಗೆದಿದ್ದರು. ಹೆಣ್ಣಿನ ಹೆಸರು ನಾಡಿನಿಂದ ನಾಡಿಗೆ ಬದಲಾಗಿದೆ, ಕಥೆ ಬದಲಾಗಿಲ್ಲ. ಒಬ್ಬ ಕವಿಯ ಕೃತಿಗೆ ಹೀಗಾಗುವುದು ವಿರಳ. ಬಾಯಿಂದ ಬಾಯಿಗೆ ಹರಿದ ಕಥೆಯ ಲಕ್ಷಣವೇ ಇದು.

ಆ ಕಥೆಗಾರರು ಕಾಲಿಟ್ಟ ಜಾಗವನ್ನು ಗಮನಿಸಬೇಕು. ಪಾಂಡವರ ವನವಾಸದ ಕಾಲದಲ್ಲಿ ಸುಭದ್ರೆ, ಅಭಿಮನ್ಯು ದ್ವಾರಕೆಯಲ್ಲಿದ್ದರೆಂದು ವ್ಯಾಸರೇ ಹೇಳುತ್ತಾರೆ. ಆದರೆ ಸೋದರಮಾವನ ಮನೆಯಲ್ಲಿ ಆ ಹುಡುಗ ಏನು ಕನಸು ಕಂಡ, ಬಡವಾದ ನಂಟರ ಮಗನೆಂದು ಯಾರ ಕಣ್ಣಿಗೆ ಕಿರಿದಾದ ಎಂಬುದನ್ನು ಹೇಳುವುದಿಲ್ಲ. ಆ ತೆರಪಿನಲ್ಲಿ ಈ ಕಥೆ ಮೊಳೆತಿದೆ. ಚಿತ್ರವೂ ಈ ಮರ್ಯಾದೆಯನ್ನು ಕಾಯ್ದುಕೊಂಡಿದೆ: ಪಂಚಪಾಂಡವರಲ್ಲಿ ಒಬ್ಬರೂ ತೆರೆಯ ಮೇಲೆ ಸುಳಿಯುವುದಿಲ್ಲ. ಮುಂದೆ ಉತ್ತರೆ ಬರುವುದಕ್ಕೂ ಅಡ್ಡಿಯಿಲ್ಲ. ಮೂಲದ ಒಂದು ಕಂಬವನ್ನೂ ಕದಲಿಸದೆ ಅದರ ಅಂಗಳದಲ್ಲಿ ಹಾಕಿದ ಚಪ್ಪರವಿದು.

ಈ ಚಪ್ಪರವನ್ನೇಕೆ ಹಾಕಿದರು? ಉತ್ತರ ದ್ರೋಣಪರ್ವದಲ್ಲಿದೆ. ಕುರುಕ್ಷೇತ್ರದ ಹದಿಮೂರನೆಯ ದಿನ ಅಭಿಮನ್ಯು ಚಕ್ರವ್ಯೂಹದಲ್ಲಿ ಮಡಿಯುತ್ತಾನೆ. ಮರುದಿನದ ಇರುಳ ಯುದ್ಧದಲ್ಲಿ ಕರ್ಣನ ಶಕ್ತ್ಯಾಯುಧಕ್ಕೆ ಘಟೋತ್ಕಚ ಬೀಳುತ್ತಾನೆ. ಅಣ್ಣ ತಮ್ಮಂದಿರ ಸಾವಿನ ನಡುವೆ ಉಳಿದದ್ದು ಒಂದು ಹಗಲು. ಭಾಸನದೆನ್ನಲಾದ ‘ದೂತಘಟೋತ್ಕಚ’ದಲ್ಲಿಯೂ ಅಭಿಮನ್ಯುವಿನ ಮರಣಾನಂತರ ಕೌರವರ ಬಳಿಗೆ ದೂತನಾಗಿ ಬರುವವನು ಘಟೋತ್ಕಚನೇ. ಇವರಿಬ್ಬರನ್ನು ಸಾವು ಜೋಡಿಸಿತ್ತು. ಜನ ಅವರನ್ನು ಮದುವೆಯ ಸಂಭ್ರಮದಲ್ಲಿ ಜೋಡಿಸಿದರು. ಭಾರತವನ್ನು ಕೇಳಿ ಕಣ್ಣೊರೆಸಿಕೊಂಡವರೇ ಆ ಹುಡುಗನಿಗೆ ಒಂದು ನಗುವಿನ ಇರುಳನ್ನು ಉಡುಗೊರೆ ಕೊಟ್ಟರೆಂದು ನಾನು ನಂಬುತ್ತೇನೆ.

ಇನ್ನು ಮಾಯೆಯ ಮಾತು. ಗಣಕಯಂತ್ರವಿಲ್ಲದ ಕಾಲವದು. ಕ್ಯಾಮರಾವನ್ನು ನಿಲ್ಲಿಸಿ, ವಸ್ತುವನ್ನು ಬದಲಿಸಿ ಮತ್ತೆ ಓಡಿಸುವುದು. ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಬಿಂಬ ಮೂಡಿಸುವುದು. ಛಾಯಾಗ್ರಾಹಕರ ಬತ್ತಳಿಕೆಯಲ್ಲಿದ್ದವು ಇಂಥ ಬಾಣಗಳು. ಆದರೂ ಈ ಚಿತ್ರದ ನಿಜವಾದ ಮಾಯೆ ಯಂತ್ರದ್ದಲ್ಲ, ಅಭಿನಯದ್ದು. ಘಟೋತ್ಕಚನಾದ ಎಸ್. ವಿ. ರಂಗರಾವ್ ಅವರ ಗತ್ತನ್ನು, ಅವನು ತಾಳಿದ ಹೆಣ್ಣುರೂಪದಲ್ಲಿ ಸಾವಿತ್ರಿಯವರು ಹಾಗೆಯೇ ತಂದಿದ್ದಾರೆ. ಸೀರೆಯುಟ್ಟ ಕೋಮಲಾಂಗಿ ನಡೆಯುವಾಗ ಒಳಗೊಬ್ಬ ದೈತ್ಯ ನಡೆಯುವುದು ನಮಗೆ ಕಾಣುತ್ತದೆ. ಇನ್ನು ಕಪಟದ ಶಕುನಿ ಸತ್ಯಪೀಠವನ್ನೇರಿದೊಡನೆ ತನ್ನ ಹುನ್ನಾರವನ್ನು ತಾನೇ ಬಿಚ್ಚಿಡುವಾಗ, ಮಾಯೆ ಮರೆಸುವುದಕ್ಕಲ್ಲ, ದಿಟವನ್ನು ಹೊರಗೆಳೆಯುವುದಕ್ಕೆ ಎಂಬುದೂ ಸ್ಪಷ್ಟವಾಗುತ್ತದೆ.

ಕಪ್ಪುಬಿಳುಪಿನ ಈ ತೆಲುಗು ಚಿತ್ರಕ್ಕೆ ಬಣ್ಣ ಕಟ್ಟಿ ೨೦೧೦ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಇಂದು ಪುರಾಣದ ಹೆಸರಿನಲ್ಲಿ ಬರುವ ಚಿತ್ರಗಳಿಗೆ ಬಣ್ಣಕ್ಕೂ ಬೆರಗಿಗೂ ಬಡತನವಿಲ್ಲ. ಅವನ್ನು ನೋಡುವಾಗ ‘ಇದು ಮೂಲದಲ್ಲಿದೆಯೆ?’ ಎಂಬ ಪ್ರಶ್ನೆಯಲ್ಲೇ ನಿಲ್ಲುವುದು ಬೇಡ. ಮೂಲದ ಯಾವ ಮೌನಕ್ಕೆ ಇದು ಮಾತು ಕೊಟ್ಟಿತು, ಅಲ್ಲಿಯ ಯಾವ ನೋವಿಗೆ ಮಿಡಿಯಿತು ಎಂದು ಕೇಳೋಣ. ಉತ್ತರ ದೊರೆತರೆ ಆ ಕಥೆಯೂ ಭಾರತದ ಮನೆಯ ಮಗುವೇ. ದೊರೆಯದಿದ್ದರೆ ಅದು ಕಣ್ಣಿಗೆ ಕವಿಯುವ ಬರಿಯ ಬೆಳಕು.