ಥರ್ಮೋಸ್ಟಾಟ್‌ಗೆ ಇನ್ನೊಂದು ತಂತಿ ಏಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಯ ಹಳೆಯ ಥರ್ಮೋಸ್ಟಾಟ್ ಎರಡೇ ತಂತಿಯಲ್ಲಿ ಹೀಟರ್ ನಡೆಸುತ್ತಿತ್ತು. ಸ್ಮಾರ್ಟ್ ಥರ್ಮೋಸ್ಟಾಟ್‌ಗೆ ‘ಸಿ’ ಎಂಬ ಇನ್ನೊಂದು ತಂತಿ ಬೇಕಂತೆ. ಏಕೆ?

ಉತ್ತರ: ಹಳೆಯದು ತನಗಾಗಿ ವಿದ್ಯುತ್ ಬಳಸುತ್ತಲೇ ಇರಲಿಲ್ಲ. 1953ರಲ್ಲಿ ಹನಿವೆಲ್ ಕಂಪನಿ ತಂದ ಪ್ರಸಿದ್ಧ ದುಂಡು ಥರ್ಮೋಸ್ಟಾಟನ್ನೇ ನೋಡಿ. ಒಳಗೆ ಎರಡು ಲೋಹಗಳನ್ನು ಬೆಸೆದ ಸುರುಳಿ, ಅದರ ಮೇಲೆ ಪಾದರಸವಿದ್ದ ಪುಟ್ಟ ಗಾಜಿನ ಬುರುಡೆ. ಚಳಿಗೆ ಸುರುಳಿ ತಿರುಚಿಕೊಂಡಾಗ ಬುರುಡೆ ವಾಲುತ್ತಿತ್ತು. ಪಾದರಸ ಹರಿದು ತಂತಿಗಳನ್ನು ಕೂಡಿಸುತ್ತಿತ್ತು, ಹೀಟರ್ ಹೊತ್ತಿಕೊಳ್ಳುತ್ತಿತ್ತು. ಎಂಥ ಚೆಂದದ ಉಪಾಯ!

ಸ್ಮಾರ್ಟ್ ಥರ್ಮೋಸ್ಟಾಟ್‌ನ ವೈಫೈ, ಪರದೆಗಳಿಗೆ ಹಗಲಿರುಳೂ ವಿದ್ಯುತ್ ಬೇಕು. ಹಳೆಯ ಎರಡು ತಂತಿಗಳಲ್ಲಿ ‘ಆರ್’ ಎಂಬುದರಲ್ಲಿ ಹೀಟರಿನ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟ್ ಬರುತ್ತದೆ, ನಿಜ. ಆದರೆ ಮರಳುವ ದಾರಿ ಹೀಟರಿನ ‘ಡಬ್ಲ್ಯೂ’ ಒಂದೇ ಆದರೆ, ಹೆಚ್ಚು ವಿದ್ಯುತ್ ಹರಿದ ಕೂಡಲೇ ಹೀಟರ್ ಚಾಲೂ ಆಗಿಬಿಡುತ್ತದೆ. ‘ಸಿ’ ತಂತಿ ಟ್ರಾನ್ಸ್‌ಫಾರ್ಮರಿಗೆ ಬೇರೆಯದೇ ದಾರಿ. ಕೆಲವು ಮಾದರಿಗಳು ‘ಡಬ್ಲ್ಯೂ’ ಮೂಲಕವೇ ಚೂರುಚೂರು ವಿದ್ಯುತ್ ಪಡೆದು ಬ್ಯಾಟರಿ ತುಂಬಿಕೊಳ್ಳುತ್ತವೆ. ಎಲ್ಲ ಹೀಟರುಗಳಿಗೂ ಅದು ಒಗ್ಗುವುದಿಲ್ಲ.

ಬಿಚ್ಚುವ ಮೊದಲು ಬ್ರೇಕರ್ ಆಫ್ ಮಾಡಿ, ತಂತಿಗಳ ಫೋಟೊ ತೆಗೆಯಲು ಮಗಳಿಗೆ ಹೇಳಿ. ಬಣ್ಣ ನಂಬಬಾರದು, ತಂತಿ ಕೂರುವ ಜಾಗದ ಅಕ್ಷರ ನೋಡಬೇಕು. ಗೋಡೆಬುಡದ ವಿದ್ಯುತ್ ಹೀಟರುಗಳಲ್ಲಿ 120 ಅಥವಾ 240 ವೋಲ್ಟ್ ನೇರವಾಗಿ ಥರ್ಮೋಸ್ಟಾಟ್‌ಗೇ ಬರುವುದುಂಟು. ಅಲ್ಲಿ ಈ 24 ವೋಲ್ಟಿನ ಸ್ಮಾರ್ಟ್ ಥರ್ಮೋಸ್ಟಾಟ್ ಖಂಡಿತ ಬೇಡ.

ಖರ್ಚಿನ ಮಾತು: ದಿನಕ್ಕೆ ಎಂಟು ಗಂಟೆ ಉಷ್ಣತೆಯನ್ನು 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿಟ್ಟರೆ ವರ್ಷಕ್ಕೆ ಶೇ. 10ರವರೆಗೆ ಉಳಿತಾಯ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ.